ಹಿಡಿಯುವ ಕೈ, ಮಾಡುವ ಕೈ



ಈ ದತ್ತಿ ಉಪನ್ಯಾಸ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ನೆನಪಿನದು. ತಲೆಮಾರುಗಟ್ಟಲೆ ಮಕ್ಕಳ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರು ಅವರು. ಆದ್ದರಿಂದ ಕೈಯ ಬಗ್ಗೆಯೇ ಮಾತಾಡುವುದು ಸೂಕ್ತ ಅನ್ನಿಸಿತು. ಪಾರ್ಶ್ವವಾಯು ಹೊಡೆದವರಿಗೆ, ಅಪಘಾತದಲ್ಲಿ ಕೈ ಸ್ವಾಧೀನ ತಪ್ಪಿದವರಿಗೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದು ನನ್ನ ವೃತ್ತಿ. ಅಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಒಂದು ಮಾತಿದೆ. ರೋಗಿಯ ಎಡಗೈ ಬಿದ್ದುಹೋಗಿರುತ್ತದೆ. ಮನೆಯವರು, “ಸದ್ಯ, ಬಲಗೈ ಉಳೀತಲ್ಲ ಮೇಡಂ” ಅನ್ನುತ್ತಾರೆ. ವಾರ ಕಳೆಯುವುದರೊಳಗೆ ಅವರೇ ಗಾಬರಿಯಾಗುತ್ತಾರೆ. ಬಲಗೈ ಪೂರಾ ಸರಿಯಿದ್ದರೂ ಆ ಮನುಷ್ಯ ಪಂಚೆ ಉಡಲಾರ, ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಾನೆ, ಪಟ್ಟಿಯಿಂದ ಮಾತ್ರೆ ಬಿಡಿಸಲಾರ, ಕಿತ್ತಳೆ ಸುಲಿಯಲಾರ.

ಬಲಗೈ ಯಜಮಾನ, ಎಡಗೈ ಆಳು ಎಂಬ ಎಣಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಎಡಚರ ವಿಷಯದಲ್ಲಿ ಇದನ್ನೇ ತಿರುವು ಹಾಕಿ ಹೇಳುತ್ತೇವೆ. ಈ ಎಣಿಕೆ ಸರಿಯಲ್ಲ ಎಂಬುದೇ ಇವತ್ತು ನಾನು ನಿಮ್ಮ ಮುಂದೆ ಇಡಬೇಕಾದ ಮಾತು. ಎರಡು ಕೈಗಳೂ ಕೆಲಸ ಹಂಚಿಕೊಂಡಿವೆ. ಒಂದು ಹಿಡಿಯುತ್ತದೆ, ಇನ್ನೊಂದು ಮಾಡುತ್ತದೆ. ಹಿಡಿಯುವ ಕೆಲಸ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಬೆಲೆ ಕಟ್ಟುವುದನ್ನು ನಾವು ಕಲಿಯಲಿಲ್ಲ.

ದೇವಸ್ಥಾನದ ಮುಂದೆ ಮಲ್ಲಿಗೆ ಕಟ್ಟುತ್ತ ಕೂತ ಹೆಂಗಸಿನ ಕೈಗಳನ್ನು ಒಮ್ಮೆ ನಿಂತು ನೋಡಿ. ನಮ್ಮ ಕಣ್ಣು ಹೋಗುವುದು ಬಲಗೈ ಕಡೆಗೆ: ಅದು ಹೂವು ಹೆಕ್ಕುತ್ತದೆ, ದಾರವನ್ನು ಬೆರಳಿಗೆ ಸುತ್ತಿ ಕುಣಿಕೆ ಮಾಡುತ್ತದೆ, ತೊಟ್ಟಿನ ಮೇಲೆ ಇಳಿಸಿ ಎಳೆಯುತ್ತದೆ. ಎಡಗೈ ಸುಮ್ಮನಿದ್ದಂತೆ ಕಾಣುತ್ತದೆ. ಆದರೆ ಎದುರುಬದುರಾಗಿ ಇಟ್ಟ ಹೂಗಳ ತೊಟ್ಟುಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿದಿರುವುದು ಅದೇ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಹೂವು ಉದುರುತ್ತದೆ. ಎಷ್ಟು ಎಳೆದರೆ ಸಾಕು ಎಂಬುದು ಮೊದಲು ಗೊತ್ತಾಗುವುದು ಆ ಎಡಗೈ ಹೆಬ್ಬೆರಳಿಗೆ. ಒಂದು ಗಂಟು ಬಿಗಿಯಾದ ಕೂಡಲೇ, ಬಲಗೈ ಮುಂದಿನ ಹೂವಿಗೆ ಹೋಗುವ ಮೊದಲೇ, ಎಡಗೈ ಮಾಲೆಯನ್ನು ಒಂದಿಷ್ಟೇ ಹಿಂದಕ್ಕೆ ಸರಿಸಿಕೊಂಡು ಹೊಸ ಜಾಗ ಸಿದ್ಧ ಮಾಡಿಟ್ಟಿರುತ್ತದೆ. ಅವರು ಪಕ್ಕದವರ ಜೊತೆ ಮಾತಾಡುತ್ತಲೇ ಇರುತ್ತಾರೆ, ಕೈ ನೋಡುವುದೂ ಇಲ್ಲ.

ಫ್ರಾನ್ಸಿನ ಈವ್ ಗಿಯಾರ್ ಎಂಬ ವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಹೊಂದಾಣಿಕೆಯನ್ನು ಬಹಳ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಕೈಗಳ ಅಧ್ಯಯನದಲ್ಲಿ ಅಷ್ಟು ಸರಳವಾದ, ಅಷ್ಟು ಕಣ್ಣು ತೆರೆಸುವ ಪ್ರಯೋಗ ನನಗೆ ಇನ್ನೊಂದು ಗೊತ್ತಿಲ್ಲ. ಬರೆಯುವ ಹಾಳೆಯ ಕೆಳಗೆ ಕಾರ್ಬನ್ ಕಾಗದ, ಅದರ ಕೆಳಗೆ ಇನ್ನೊಂದು ಬಿಳಿ ಹಾಳೆ ಇಟ್ಟು, ಹೇಳಿದ್ದನ್ನು ಬರೆದುಕೊಳ್ಳಲು ಹೇಳಿದರೆ ಏನಾಗುತ್ತದೆ? ಮೇಲಿನ ಹಾಳೆ ಸಾಲುಸಾಲಾಗಿ ತುಂಬಿತು. ಕೆಳಗಿನ ಹಾಳೆಯಲ್ಲಿ ಮಾತ್ರ ಸಾಲುಗಳೆಲ್ಲ ಒಂದರ ಮೇಲೊಂದು ಬಿದ್ದು, ಸಣ್ಣ ಜಾಗದಲ್ಲಿ ಮುದ್ದೆಯಾಗಿದ್ದವು. ಅಂದರೆ ಬರೆಯುವ ಕೈ ಪುಟದ ಉದ್ದಗಲಕ್ಕೂ ಓಡಾಡಿರಲೇ ಇಲ್ಲ. ಮೇಜಿನ ಮೇಲೆ ಒಂದು ಕಡೆ ನೆಲೆಯೂರಿ ಕೂತಿತ್ತು. ಹಾಳೆಯನ್ನು ಸಾಲಿಗೆ ಸಾಲು ಅದರ ಕೆಳಗೆ ತಂದು ಕೊಟ್ಟದ್ದು ಇನ್ನೊಂದು ಕೈ. ಬರೆದವರಿಗೆ ಇದರ ಅರಿವೇ ಇರಲಿಲ್ಲ. ಗಿಯಾರ್ ಮೂರು ಮಾತು ಹೇಳಿದರು: ಹಿಡಿಯುವ ಕೈ ಮೊದಲು ಹೊರಡುತ್ತದೆ, ಅದರ ಚಲನೆ ದೊಡ್ಡದು, ನಿಧಾನದ್ದು, ಅದು ಹಾಕಿಕೊಟ್ಟ ಚೌಕಟ್ಟಿನೊಳಗೆ ಮಾಡುವ ಕೈ ತನ್ನ ಸೂಕ್ಷ್ಮ ಕೆಲಸ ನಡೆಸುತ್ತದೆ.

ನಮ್ಮ ಓಲೆಗರಿಯ ಲಿಪಿಕಾರರಿಗೆ ಇದು ಕಾರ್ಬನ್ ಕಾಗದವಿಲ್ಲದೆಯೇ ಗೊತ್ತಿದ್ದ ಸಂಗತಿ. ಗರಿಯನ್ನು ಎಡಗೈಯಲ್ಲಿ ಹಿಡಿದು, ಬರೆಯುವ ಕಡ್ಡಿಯಾದ ಕಂಟಕ್ಕೆ ಆ ಕೈಯ ಹೆಬ್ಬೆರಳನ್ನೇ ಆಸರೆ ಕೊಟ್ಟು, ಗರಿಯನ್ನು ಸರಿಸುತ್ತ ಕೊರೆಯುತ್ತಿದ್ದರು. ನಮ್ಮ ಕಾವ್ಯ, ಶಾಸ್ತ್ರ, ಲೆಕ್ಕಪತ್ರಗಳೆಲ್ಲ ಶತಮಾನಗಳ ಕಾಲ ಹೀಗೆ ಎರಡು ಕೈಗಳ ಬರಹವಾಗಿ ಉಳಿದು ಬಂದಿವೆ.

ಅಮೆರಿಕದ ರಾಬರ್ಟ್ ಸೇನ್‌ಬರ್ಗ್ ಇದಕ್ಕೆ ಇನ್ನೊಂದು ಮುಖ ಸೇರಿಸಿದರು. ಅವರ ಪ್ರಕಾರ ಬಲಗೈ ಬಳಸುವವರಲ್ಲಿ ಬಲಗೈಯ ಜಾಣತನ ಇರುವುದು ದಾರಿಯಲ್ಲಿ: ಯಾವ ರೇಖೆಯ ಮೇಲೆ, ಯಾವ ವೇಗದಲ್ಲಿ ಸಾಗಬೇಕು ಎಂಬುದರಲ್ಲಿ. ಎಡಗೈಯ ಜಾಣತನ ಇರುವುದು ನಿಲುಗಡೆಯಲ್ಲಿ: ತಲುಪಿದ ಜಾಗದಲ್ಲಿ, ಹೊರಗಿನಿಂದ ಏಟು ಬಿದ್ದರೂ ಅಲುಗದೆ ನಿಲ್ಲುವುದರಲ್ಲಿ. ಉಳಿ ಹಿಡಿದ ಶಿಲ್ಪಿಯ ಎಡಗೈ ನೆನಪಿಸಿಕೊಳ್ಳಿ. ಸುತ್ತಿಗೆ ಏಟು ಕೊಡುತ್ತದೆ, ನಿಜ. ಆ ಏಟು ಕಲ್ಲಿನೊಳಗೆ ಎತ್ತ ಹೋಗಬೇಕು ಎಂದು ಓರೆ ಹಿಡಿದು ತೀರ್ಮಾನಿಸುವುದು ಉಳಿಯ ಕೈ. ಬೇಲೂರು ಹಳೇಬೀಡುಗಳ ಬಳಪದ ಕಲ್ಲಿನ ಮೇಲೆ ಕೂದಲೆಳೆಯಂಥ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಆ ಹಿಡಿದ ಕೈಗಳ ಮೇಲೇ ಗೌರವ ಉಕ್ಕುತ್ತದೆ.

ವೀಣೆಯ ವಿಚಾರದಲ್ಲಿ ಈ ಲೆಕ್ಕ ಇನ್ನಷ್ಟು ಸ್ವಾರಸ್ಯಕರ. ಬಲಗೈ ಮೀಟುತ್ತದೆ. ಎಡಗೈ ಮೆಟ್ಟಿಲುಗಳ ಮೇಲೆ ತಂತಿ ಒತ್ತುತ್ತದೆ, ಪಕ್ಕಕ್ಕೆ ಎಳೆದು ಗಮಕ ತರುತ್ತದೆ. ತೋಡಿಯ ಗಾಂಧಾರ ತೋಡಿಯ ಗಾಂಧಾರವಾಗುವುದು ಎಡಗೈ ಬೆರಳಿನ ಆ ಎಳೆತದಲ್ಲಿ. ಸೂಕ್ಷ್ಮ ಕೆಲಸ ಯಾವಾಗಲೂ ಬಲಗೈಯದು ಎನ್ನುವವರು ಇಲ್ಲಿ ತಡೆದು ಯೋಚಿಸಬೇಕು. ಗಿಯಾರ್ ಹಾಕಿದ ಗೆರೆಯೊಳಗೂ ಇದು ಸಲೀಸಾಗಿ ಕೂರುವುದಿಲ್ಲ. ಸ್ವರದ ಜಾಗ ಎಡಗೈಯದು, ಅದು ಹುಟ್ಟುವ ಗಳಿಗೆ ಬಲಗೈಯದು ಎಂದು ಹೇಳಿ ಹೊಂದಿಸಬಹುದು. ಆದರೆ ಹುಟ್ಟಿದ ಸ್ವರವನ್ನು ಬಾಳಿಸುವುದು ಮತ್ತೆ ಎಡಗೈಯೇ. 1995ರಲ್ಲಿ ತಂತಿವಾದ್ಯ ನುಡಿಸುವವರ ಮಿದುಳನ್ನು ಪರೀಕ್ಷಿಸಿದ ಜರ್ಮನಿಯ ತಂಡವೊಂದು, ಅವರಲ್ಲಿ ಎಡಗೈ ಬೆರಳುಗಳಿಗೆ ಮೀಸಲಾದ ಭಾಗ ಉಳಿದವರಿಗಿಂತ ಹಿಗ್ಗಿರುವುದನ್ನು ಕಂಡಿತು. ಎಷ್ಟು ಚಿಕ್ಕ ವಯಸ್ಸಿನಲ್ಲಿ ಪಾಠ ಶುರುವಾಗಿತ್ತೋ ಅಷ್ಟು ಹೆಚ್ಚು ಹಿಗ್ಗು. ಹಿಡಿಯುವ ಕೈಗೂ ಕಲಿಸಿದರೆ ಕಲಿಯುತ್ತದೆ, ಕಲಿತದ್ದನ್ನು ಮಿದುಳು ದಾಖಲಿಸಿಕೊಳ್ಳುತ್ತದೆ.

ಇನ್ನು ಯಾರು ಯಾವ ಕೈಯವರು ಎಂಬ ಪ್ರಶ್ನೆ. ಲಕ್ಷಾಂತರ ಜನರ ಮಾಹಿತಿಯನ್ನು ಒಟ್ಟುಹಾಕಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಜಗತ್ತಿನಲ್ಲಿ ಶೇ. 10.6ರಷ್ಟು ಜನ ಎಡಚರು. ಹೆಂಗಸರಿಗಿಂತ ಗಂಡಸರಲ್ಲಿ ತುಸು ಹೆಚ್ಚು. ಆದರೆ ಅಳತೆಗೋಲು ಬದಲಾದರೆ ಲೆಕ್ಕವೂ ಬದಲಾಗುತ್ತದೆ. 1971ರಲ್ಲಿ ಆರ್. ಸಿ. ಓಲ್ಡ್‌ಫೀಲ್ಡ್ ಎಡಿನ್‌ಬರೋದಲ್ಲಿ ಸಿದ್ಧಪಡಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇಂದಿಗೂ ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಷ್, ಚಾಕು, ಚಮಚ, ಪೊರಕೆ, ಬೆಂಕಿಕಡ್ಡಿ, ಡಬ್ಬಿಯ ಮುಚ್ಚಳ. ನಮ್ಮ ಊರುಗಳಲ್ಲಿ ಈ ಪಟ್ಟಿ ಹಿಡಿದು ಹೊರಟರೆ ಅರ್ಧ ದಾರಿಗೇ ತಡವರಿಸಬೇಕಾಗುತ್ತದೆ. ಪಟ್ಟಿಯಲ್ಲಿ ಕೇಳುವುದು ಉದ್ದ ಕೋಲಿನ ಪೊರಕೆಯಲ್ಲಿ ಮೇಲೆ ಇರುವ ಕೈ ಯಾವುದು ಎಂದು. ನಮ್ಮ ಕಡ್ಡಿಪೊರಕೆ ಒಂದೇ ಕೈಯದು. ಊಟದ ಕೈಯನ್ನು ಇಲ್ಲಿ ಮಗು ಆರಿಸಿಕೊಳ್ಳುವುದಿಲ್ಲ, ಮನೆ ಆರಿಸುತ್ತದೆ. ಬರೆಯುವ ಕೈಯನ್ನು ಎಷ್ಟೋ ಕಡೆ ಶಾಲೆ ಆರಿಸುತ್ತಿತ್ತು. ಮಗುವಿನ ಸ್ವಂತ ಒಲವು ತಿಳಿಯಬೇಕಾದರೆ ಬುಗುರಿ ಬಿಡುವಾಗ, ಗೋಲಿ ಹೊಡೆಯುವಾಗ, ಮಾವಿನಕಾಯಿಗೆ ಕಲ್ಲು ಬೀಸುವಾಗ ನೋಡಬೇಕು. ಆಟದಲ್ಲಿ ಯಾರೂ ಕೈ ತಿದ್ದುವುದಿಲ್ಲ.

ಆಟದಲ್ಲೂ ಗೆರೆ ನೇರವಾಗಿಲ್ಲ. ಸಚಿನ್ ತೆಂಡೂಲ್ಕರ್ ಬಲಗೈ ಬ್ಯಾಟ್ಸ್‌ಮನ್, ಸಹಿ ಹಾಕುವುದು ಎಡಗೈಯಲ್ಲಿ. ಸೌರವ್ ಗಂಗೂಲಿ ಎಡಗೈ ಬ್ಯಾಟ್ಸ್‌ಮನ್, ಬೌಲಿಂಗ್ ಬಲಗೈಯದು. ಇಬ್ಬರಲ್ಲೂ ಬ್ಯಾಟಿನ ಹಿಡಿಯ ಮೇಲ್ತುದಿಯಲ್ಲಿ ಇರುವುದು ಅವರವರ ಸಮರ್ಥ ಕೈಯೇ. 2016ರ ಒಂದು ಅಧ್ಯಯನದ ಪ್ರಕಾರ ಹೀಗೆ ತಿರುಗುಮುರುಗಾಗಿ ನಿಲ್ಲುವವರ ಪ್ರಮಾಣ ಹವ್ಯಾಸಿಗಳಿಗಿಂತ ವೃತ್ತಿಪರ ಬ್ಯಾಟ್ಸ್‌ಮನ್‌ಗಳಲ್ಲಿ ಏಳು ಪಟ್ಟು ಹೆಚ್ಚು. ಎಡಗೈ ಬ್ಯಾಟ್ಸ್‌ಮನ್ ಎಂದು ಕರೆಯುವಾಗ ನಾವು ಹೇಳುತ್ತಿರುವುದು ಅವರು ನಿಲ್ಲುವ ಬಗೆಯನ್ನು ಮಾತ್ರ.

ಒಲವು ಎಲ್ಲಿಂದ ಬರುತ್ತದೆ? ತಾಯಿಯ ಗರ್ಭದಿಂದಲೇ. ಉತ್ತರ ಐರ್ಲೆಂಡಿನ ಪೀಟರ್ ಹೆಪ್ಪರ್ ಸ್ಕ್ಯಾನಿಂಗ್‌ನಲ್ಲಿ ಹೆಬ್ಬೆರಳು ಚೀಪುತ್ತಿದ್ದ ಭ್ರೂಣಗಳನ್ನು ಗುರುತಿಸಿಟ್ಟುಕೊಂಡು, ಆ ಮಕ್ಕಳು ಬೆಳೆದ ಮೇಲೆ ಮತ್ತೆ ಹುಡುಕಿ ನೋಡಿದರು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳಲ್ಲಿ ಅರವತ್ತೂ ಬಲಗೈಯವರು. ಎಡದ್ದು ಚೀಪಿದ್ದ 15ರಲ್ಲಿ ಹತ್ತು ಎಡಚರು, ಐದು ಬಲಗೈಯವರು. ವಂಶವಾಹಿಗಳ ಪಾತ್ರವೂ ಇದೆ: 17 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ 2020ರ ಸಂಶೋಧನೆ ಎಡಗೈ ಒಲವಿನ ಜೊತೆ ತಳುಕು ಹಾಕಿಕೊಂಡ 41 ನೆಲೆಗಳನ್ನು ಗುರುತಿಸಿತು. ಆದರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರು ಎಡಚರು, ಒಬ್ಬರು ಬಲಗೈಯವರು ಆಗುವುದು ಅಪರೂಪವೇನಲ್ಲ. ಮಿದುಳಿನ ವಿಚಾರವಾಗಿ ಹೇಳುವುದಾದರೆ, ಬಲಗೈಯವರಲ್ಲಿ ಶೇ. 95ಕ್ಕೂ ಮೇಲ್ಪಟ್ಟು ಜನರಿಗೆ ಮಾತಿನ ನೆಲೆ ಎಡ ಮಿದುಳು. ಎಡಚರಲ್ಲಿ ಇದು ತಲೆಕೆಳಗಾಗಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ, ಅವರಲ್ಲೂ ಸುಮಾರು ಶೇ. 70 ಜನರ ಮಾತು ಎಡ ಮಿದುಳಿನದೇ. ಎಡಚರು ಬಲ ಮಿದುಳಿನವರು, ಆದ್ದರಿಂದ ಹುಟ್ಟು ಕಲಾವಿದರು ಎಂಬ ಮಾತಿಗೆ ಈ ಅಂಕಿಗಳಲ್ಲಿ ಬುಡವಿಲ್ಲ. ಮಗುವನ್ನು ಹೊಗಳುವುದಕ್ಕೂ ಹಳಿಯುವುದಕ್ಕೂ ಕೈ ಒಂದು ಕಾರಣವಾಗಬೇಕಿಲ್ಲ.

ಹಿಡಿಯುವ ಕೈ, ಮಾಡುವ ಕೈ ಎಂಬ ಈ ಹಂಚಿಕೆ ಬಹು ಪುರಾತನವಾದದ್ದು. ಫ್ರಾನ್ಸ್, ಸ್ಪೇನುಗಳ ಗುಹೆಗಳಲ್ಲಿ ಹಿಮಯುಗದ ಜನ ಬಂಡೆಗೆ ಅಂಗೈ ಒತ್ತಿ, ಸುತ್ತಲೂ ಬಣ್ಣ ಊದಿ ಬಿಟ್ಟ ಗುರುತುಗಳಿವೆ. ಯಾವ ಕೈ ಎಂದು ಗುರುತಿಸಬಹುದಾದವುಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಎಡಗೈ. ಬಣ್ಣ ಊದುವ ಕೊಳವೆ ಬಲಗೈಯಲ್ಲಿತ್ತು, ಬಂಡೆಗೆ ಒತ್ತಿ ಹಿಡಿದ ಕೈ ಎಡದ್ದು ಎಂಬುದು ಇದಕ್ಕೆ ವಿವರಣೆ. ಇಬ್ಬರು ಫ್ರೆಂಚ್ ಸಂಶೋಧಕರು ಈಗಿನ ವಿದ್ಯಾರ್ಥಿಗಳಿಂದ ಅದನ್ನೇ ಮಾಡಿಸಿದಾಗ ಹೆಚ್ಚು ಕಡಿಮೆ ಅದೇ ಪ್ರಮಾಣ ಬಂತು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಕೆಲಸ ಮಾಡಿದ ಕೈಯ ಗುರುತು ಅಲ್ಲಿಲ್ಲ. ಗೋಡೆಯ ಮೇಲೆ ಉಳಿದಿರುವುದು ಹಿಡಿದ ಕೈ.

ಇಷ್ಟಾದರೂ ಎಡಗೈ ಅಂದರೆ ನಮಗೆ ಸಂಕೋಚ. ಪ್ರಸಾದಕ್ಕೆ ಎಡಗೈ ಚಾಚಿದ ಮಗುವಿಗೆ ಅಜ್ಜಿ, “ಬಲಗೈಲಿ ತಗೋ ಪುಟ್ಟಾ” ಅನ್ನುತ್ತಾರೆ. ತೊಳೆಯುವ ಕೈಯನ್ನೂ ಉಣ್ಣುವ ಕೈಯನ್ನೂ ಬೇರೆ ಇಟ್ಟ ಸಮಾಜದಲ್ಲಿ ಈ ಪದ್ಧತಿಗೆ ಅರ್ಥವಿತ್ತು. ನಾನು ಅದನ್ನು ಹಗುರವಾಗಿ ಕಾಣುವವಳಲ್ಲ. ಊಟದ ಬಾಳೆಲೆಯೇ ಬಲಗೈಗೆಂದು ಹಾಸಿದ್ದು: ಕುಡಿ ಎಡಕ್ಕೆ, ಅಗಲದ ಭಾಗ ಬಲಕ್ಕೆ. ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವ ಒಬ್ಬರಿದ್ದರೆ ಪಕ್ಕದವರ ಮೊಣಕೈಗೆ ತಾಕುತ್ತದೆ. ಮಕ್ಕಳು ಈ ನಾಲ್ಕು ಮರ್ಯಾದೆಗಳನ್ನು ಸುಲಭವಾಗಿ ಕಲಿಯುತ್ತಾರೆ, ಅದರಿಂದ ಅವರಿಗೆ ಕೇಡಿಲ್ಲ. ಕೇಡು ಶುರುವಾಗುವುದು ಕೊಡುವ-ಕೊಳ್ಳುವ ನಯವನ್ನು ಬರವಣಿಗೆಯ ಮೇಲೆ, ಕತ್ತರಿಯ ಮೇಲೆ, ಸೂಜಿಯ ಮೇಲೆ ಹೇರಿದಾಗ. ಅಲ್ಲಿ ಪದ್ಧತಿಯ ಮಾತಿಲ್ಲ, ನರಗಳ ಮಾತಿದೆ.

ಸಂಪ್ರದಾಯವೇ ಎಡಚರಿಗೆ ಜಾಗ ಮಾಡಿಕೊಟ್ಟ ಉದಾಹರಣೆಗಳೂ ಇವೆ. ಮೃದಂಗದ ಕರಣೆ ಹಚ್ಚಿದ ಮುಖ ಸಭೆಯ ಕಡೆಗಿರಬೇಕು. ಹಾಗಾಗಿ ಎಡಗೈ ವಾದಕರು ಗಾಯಕರ ಇನ್ನೊಂದು ಬದಿಗೆ ಕೂರಬೇಕು, ಪಿಟೀಲಿನವರೂ ಜಾಗ ಬಿಟ್ಟುಕೊಡಬೇಕು. ಪಳನಿ ಸುಬ್ರಮಣ್ಯ ಪಿಳ್ಳೆ ಎಡಗೈ ವಾದಕರಾಗಿದ್ದುಕೊಂಡೇ ಕರ್ನಾಟಕ ಸಂಗೀತದ ಅತಿ ದೊಡ್ಡ ಮೃದಂಗ ವಿದ್ವಾಂಸರ ಸಾಲಿಗೆ ಸೇರಿದರು. ನಮ್ಮ ಅಡುಗೆಮನೆಯ ಈಳಿಗೆಮಣೆ ನೋಡಿ, ಅದಕ್ಕೆ ಎಡ-ಬಲವೇ ಇಲ್ಲ. ಅಲಗು ನಿಂತಿರುತ್ತದೆ, ಎರಡು ಕೈಯೂ ಸೇರಿ ತರಕಾರಿಯನ್ನು ಅದಕ್ಕೆ ಒತ್ತುತ್ತವೆ. ಕತ್ತರಿ ಹಾಗಲ್ಲ. ಬಲಗೈಯಲ್ಲಿ ಹಿಡಿದಾಗ ಬೆರಳ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಎಡಗೈಯಲ್ಲಿ ಹಿಡಿದರೆ ಅಗಲಿಸುತ್ತದೆ. ಬಟ್ಟೆ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ. ಆಗ ಬೈಗುಳ ತಿನ್ನುವುದು ಮಗು.

ಬಲವಂತವಾಗಿ ಕೈ ಬದಲಾಯಿಸಿದರೆ ಏನಾಗುತ್ತದೆ? 2007ರಲ್ಲಿ ಜರ್ಮನಿಯ ಸಂಶೋಧಕರು ಬಾಲ್ಯದಲ್ಲಿ ಬಲಗೈಗೆ ಬದಲಾದ ಎಡಚರ ಮಿದುಳಿನ ಚಿತ್ರ ತೆಗೆದರು. ಬಹುಕಾಲ ಬಲಗೈಯಲ್ಲೇ ಬರೆದಿದ್ದರೂ ಚಲನೆಯನ್ನು ಯೋಜಿಸುವ ಭಾಗಗಳಲ್ಲಿ ಹಳೆಯ ಒಲವು ಅಳಿದಿರಲಿಲ್ಲ. ಈ ಬಲವಂತ ಅಂಕಿಸಂಖ್ಯೆಗಳನ್ನೂ ದಾರಿ ತಪ್ಪಿಸಿದೆ. 1991ರಲ್ಲಿ ಸ್ಟಾನ್ಲಿ ಕೋರೆನ್ ಮತ್ತು ಡಯಾನ್ ಹಾಲ್ಪರ್ನ್ ದಕ್ಷಿಣ ಕ್ಯಾಲಿಫೋರ್ನಿಯಾದ ಸುಮಾರು ಸಾವಿರ ಸಾವುಗಳನ್ನು ಪರಿಶೀಲಿಸಿ, ಬಲಗೈಯವರು ಸರಾಸರಿ 75ಕ್ಕೆ, ಎಡಚರು 66ಕ್ಕೆ ತೀರಿಕೊಂಡಿದ್ದಾರೆ ಎಂದು ಬರೆದರು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಹೊತ್ತು ಮೆರೆಸಿದವು. ತಪ್ಪು ಇದ್ದದ್ದು ಇಲ್ಲಿ: 20ನೇ ಶತಮಾನದ ಆರಂಭದಲ್ಲಿ ಹುಟ್ಟಿದವರನ್ನು ಶಾಲೆಗಳು ಹೊಡೆದು ಬಡಿದು ಬಲಗೈಯವರನ್ನಾಗಿ ಮಾಡಿದ್ದವು. ಆದ್ದರಿಂದ ವಯಸ್ಸಾಗಿ ತೀರಿಕೊಂಡವರಲ್ಲಿ ಎಡಚರೆಂದು ಲೆಕ್ಕಕ್ಕೆ ಸಿಗುವವರೇ ಕಡಿಮೆ. ಎಡಚರೆಂದು ಉಳಿದವರು ಆಮೇಲಿನ ತಲೆಮಾರಿನವರು, ಅವರಲ್ಲಿ ಸತ್ತವರು ಸಹಜವಾಗಿಯೇ ಚಿಕ್ಕ ವಯಸ್ಸಿನವರು. ಎಡಚರು ಬೇಗ ಸಾಯುತ್ತಾರೆ ಎಂಬ ಮಾತು ಆಮೇಲೆ ನಿಲ್ಲಲಿಲ್ಲ. ಆದರೂ ವಾಟ್ಸಾಪಿನಲ್ಲಿ ಅದು ಇಂದಿಗೂ ಓಡಾಡುತ್ತಿದೆ, ಎಳೆಯ ತಾಯಂದಿರನ್ನು ಹೆದರಿಸುತ್ತಿದೆ.

ನನ್ನ ವೃತ್ತಿಯಿಂದ ಎರಡು ಮಾತು ಸೇರಿಸಬೇಕು. ಎಡ ಮಿದುಳಿಗೆ ಪೆಟ್ಟಾದ ಕೆಲವರಲ್ಲಿ ಶಕ್ತಿಯಿರುವ ಎಡಗೈಯೂ ತೊದಲುತ್ತದೆ. ಬಾಚಣಿಗೆ ಕೊಟ್ಟರೆ ಹಿಡಿದು ನೋಡುತ್ತಾರೆ, ಬಳಸುವ ಬಗೆ ತೋಚದು. ಕೆಲಸದ ನಕ್ಷೆ ಎರಡು ಕೈಗಳಿಗೂ ಒಂದೇ ಕಡೆ ಇರುತ್ತದೆ ಎಂದು ಜರ್ಮನಿಯ ಹ್ಯೂಗೋ ಲೀಪ್‌ಮನ್ ನೂರು ವರ್ಷಗಳ ಹಿಂದೆಯೇ ಇದರಿಂದ ಊಹಿಸಿದ್ದರು. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯಬಾರದು. ಇನ್ನೊಂದು, ಸೋತ ಕೈಯನ್ನು ಕೈಬಿಡುವ ಅಭ್ಯಾಸ. ಒಳ್ಳೆಯ ಕೈಯಲ್ಲೇ ಎಲ್ಲ ನಿಭಾಯಿಸುತ್ತ ಹೋದಂತೆ ಸೋತ ಕೈ, ತನಗೆ ಸಾಧ್ಯವಿದ್ದದ್ದನ್ನೂ ಮರೆಯುತ್ತದೆ. ಎಡ್ವರ್ಡ್ ಟಾಬ್ ರೂಪಿಸಿದ ಚಿಕಿತ್ಸೆಯಲ್ಲಿ ಒಳ್ಳೆಯ ಕೈಗೆ ಎರಡು ವಾರ ಗವಸು ತೊಡಿಸಿ, ಸೋತ ಕೈಗೆ ದಿನವಿಡೀ ಕೆಲಸ ಕೊಡುತ್ತಾರೆ. ಪಾರ್ಶ್ವವಾಯುವಾಗಿ ಕೆಲವು ತಿಂಗಳು ಕಳೆದಿದ್ದ 222 ಜನರ ಮೇಲೆ ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಚೆನ್ನಾಗಿತ್ತು. ಮಣಿಕಟ್ಟು, ಬೆರಳು ಒಂದಿಷ್ಟಾದರೂ ಅಲ್ಲಾಡುವವರಿಗೆ ಮಾತ್ರ ಇದು ಹೊಂದುತ್ತದೆ. ಉಳಿದವರಿಗೂ ನಾನು ಹೇಳುವುದಿಷ್ಟು: ಆ ಕೈಯನ್ನು ಮೇಜಿನ ಮೇಲೆ ಇಡಿ, ಕಾಗದದ ಮೇಲೆ ತೂಕವಾಗಿಯಾದರೂ ಇರಲಿ. ಹಿಡಿಯುವ ಕೆಲಸ ಮೊದಲು ಮರಳಲಿ.

ಹಸುಗೂಸುಗಳ ತಾಯಂದಿರು ಇದನ್ನು ಗಮನಿಸಬೇಕು. ಒಂದು ವರ್ಷದೊಳಗಿನ ಮಗು ಎರಡು ಕೈಯನ್ನೂ ಹೆಚ್ಚು ಕಡಿಮೆ ಸಮವಾಗಿ ಚಾಚಬೇಕು. ಅಷ್ಟು ಬೇಗ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಬಿಗಿದು ಮಡಚಿಕೊಂಡಿದ್ದರೆ ಅದನ್ನು ಜಾಣತನ ಎಂದು ಸಂಭ್ರಮಿಸದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಿದುಳಿನ ಪೆಟ್ಟಿನ ಮೊದಲ ಸುಳಿವು ಎಷ್ಟೋ ಬಾರಿ ಅದೇ ಆಗಿರುತ್ತದೆ, ಮತ್ತು ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಕೊನೆಯದಾಗಿ ಶಿಕ್ಷಕರಿಗೆ ಕೆಲವು ಮಾತು. ಎಡಗೈ ಮಗುವನ್ನು ಬೆಂಚಿನ ಎಡ ತುದಿಗೆ ಕೂರಿಸಿ, ಪಕ್ಕದ ಮಗುವಿನ ಮೊಣಕೈ ತಾಗುವುದಿಲ್ಲ. ನಮ್ಮ ಲಿಪಿ ಎಡದಿಂದ ಬಲಕ್ಕೆ ಹೋಗುವುದರಿಂದ ಆ ಮಗುವಿನ ಕೈ ತಾನು ಬರೆದದ್ದನ್ನೇ ಮುಚ್ಚುತ್ತ, ಒರೆಸುತ್ತ ಹೋಗುತ್ತದೆ. ಹಾಳೆಯ ಮೇಲಿನ ಎಡ ಮೂಲೆ ತುಸು ಎತ್ತರಕ್ಕೆ ಬರುವಂತೆ ಬಲಕ್ಕೆ ಓರೆ ಮಾಡಿ, ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲು ಹೇಳಿ. ಆಗ ಅದು ಮಣಿಕಟ್ಟು ಕೊಕ್ಕೆಯಂತೆ ಬಾಗಿಸದೆ ಸಾಲಿನ ಕೆಳಗಿನಿಂದ ಬರೆಯುತ್ತದೆ. ಬಲಗೈಯನ್ನು ಹಾಳೆಯ ಮೇಲೆ ಇಡುವುದನ್ನೂ ಕಲಿಸಿ, ಹಾಳೆ ಸರಿಸುವುದು ಅದರ ಪಾಲಿನ ಕೆಲಸ. ಪರೀಕ್ಷಾ ಕೊಠಡಿಯ ಕುರ್ಚಿಗಳಿಗೆಲ್ಲ ಬಲಗಡೆಯೇ ಬರೆಯುವ ಹಲಗೆ ಇದ್ದರೆ, ಕೊಠಡಿಗೆ ಒಂದೆರಡಾದರೂ ಸಾದಾ ಮೇಜು ಹಾಕಿಸಿ. ಮೂರು ಗಂಟೆ ಮೈ ತಿರುಚಿ ಬರೆಯುವ ಕಷ್ಟ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ಇನ್ನು ಲೇಸು ಕಟ್ಟುವುದು, ಹೂ ಕಟ್ಟುವುದು, ಕಸೂತಿ, ಕತ್ತರಿ ಕೆಲಸ ಇವನ್ನೆಲ್ಲ ಎಡಗೈ ಮಗುವಿಗೆ ಪಕ್ಕದಲ್ಲಿ ಕೂತು ಕಲಿಸಬೇಡಿ. ಎದುರಿಗೆ ಕೂತುಕೊಳ್ಳಿ. ನಿಮ್ಮ ಬಲಗೈ ಅದರ ಎಡಗೈಗೆ ಎದುರಾಗಿರುತ್ತದೆ. ನೀವು ಮಾಡಿದ್ದನ್ನು ಅದು ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ ಮಾಡುತ್ತದೆ.